ಹನಿ ಬೀಳೋದು ಒಂದು ಕಡೆ, ಸೋರೋದು ಇನ್ನೊಂದು ಕಡೆ

ನಮ್ಮ ಬಿಜಾಪುರ ಕಡೆ ಮಂದಿ ಗಾಡಿಯನ್ನ ನಂಬರಿನಿಂದ ಗುರುತು ಹಿಡಿಯೋದಿಲ್ಲ, ಅದು ಬಿಟ್ಟು ಹೋದ ಕಲೆಯಿಂದ ಹಿಡೀತಾರೆ. ಅಂಗಳದ ಫರಸಿ ಮೇಲೆ ರೂಪಾಯಿ ಅಗಲದ ಕರಿ ಕಲೆ ಕಂಡರೆ "ಕಾಕಾ ಬಂದು ಹೋದ್ನೇನು?" ಅಂತ ಕೇಳ್ತಾರೆ. ಕಲೆ ದೊಡ್ಡದಿದ್ದರೆ ಕಾಕಾ ಚಾ ಕುಡಿದು, ಊಟಾನೂ ಮಾಡಿ ಹೋಗಿದ್ದಾನೆ ಅಂತ ಅರ್ಥ :)

ತಮಾಷೆ ಇರಲಿ. ಕಥೆ, ಕವಿತೆ ಓದೋಕೆ ಬಂದವರಿಗೆ ಇವತ್ತು ಸ್ವಲ್ಪ ಗ್ರೀಸ್ ವಾಸನೆ ಬಡಿಯುತ್ತೆ, ಮೊದಲೇ ಹೇಳಿಬಿಡ್ತೀನಿ. ಬೈಕಿನಿಂದ ಎಣ್ಣೆ ಸೋರೋದು, ಗೇರ್ ಬಿಗಿಯಾಗೋದು, ಈ ಎರಡು ಕಾಯಿಲೆ ಬಗ್ಗೆ ಬರೀತಿದ್ದೀನಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ಕಡೆ ನನಗೆ ನೆಂಟರಿದ್ದಾರೆ. ನಾಲ್ಕೂ ಕಡೆ ಒಂದೊಂದು ಗಾಡಿ ನೋಡಿದೆ. ಎಲ್ಲರೂ ಹೇಳಿದ್ದು ಒಂದೇ ಮಾತು: "ಎಣ್ಣಿ ಸೋರ್ತೈತಿ, ಗೇರ್ ಬೀಳವಲ್ದು". ಎಲ್ಲರಿಗೂ ಒಂದೇ ಸಲಹೆ ಸಿಕ್ಕಿತ್ತು: "ಎಂಜಿನ್ ಬಿಚ್ಚಬೇಕು". ಆದರೆ ನಾಲ್ಕಕ್ಕೂ ಕಾರಣ ಬೇರೆ ಬೇರೆ ಇತ್ತು.

ಇದೇನು ಅಷ್ಟು ದೊಡ್ಡ ವಿಷಯ ಅಂತ ಬೆಂಗಳೂರಲ್ಲಿ ಕೂತು ಕೇಳಬಹುದು. ಸಿಂದಗಿಗೆ ರೈಲಿಲ್ಲ, ಮುದ್ದೇಬಿಹಾಳಕ್ಕೆ ರೈಲಿಲ್ಲ. ಇಂಡಿ ರೋಡ್ ಅಂತ ಸ್ಟೇಶನ್ ಇದೆ, ಬಸವನ ಬಾಗೇವಾಡಿ ರೋಡ್ ಅಂತಲೂ ಇದೆ. ಆದರೆ ಸ್ಟೇಶನ್ ಹೆಸರಿನ ಕೊನೆಗೆ 'ರೋಡ್' ಇದ್ದರೆ ಊರು ಅಲ್ಲಿಂದ ಇನ್ನೂ ದೂರ ಇದೆ ಅಂತಲೇ ತಿಳ್ಕೋಬೇಕು! ಕೆಂಪು ಬಸ್ಸು ದಿನಕ್ಕೆ ಎರಡೋ ಮೂರೋ ಸಲ ಬರೋ ಹಳ್ಳಿಗಳಲ್ಲಿ ಗಾಡಿ ಅಂದ್ರೆ ಆಸ್ಪತ್ರೆ, ಗಾಡಿ ಅಂದ್ರೆ ಸಂತೆ, ಗಾಡಿ ಅಂದ್ರೆ ಮಗಳ ಕಾಲೇಜು. ಅಲ್ಲಿ "ಎಂಜಿನ್ ಬಿಚ್ಚಬೇಕು" ಅನ್ನೋ ಮಾತು "ಆಪರೇಶನ್ ಮಾಡಬೇಕು" ಅಂದಷ್ಟೇ ಎದೆಗೆ ನಾಟುತ್ತೆ.

ನನಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ ಕೇಳಿದರೆ, ಸಿಂದಗಿಯ ಒಬ್ಬ ಮುದುಕ ಮಿಸ್ತ್ರಿಯಿಂದ. ಅಪ್ಪ ಅಲ್ಲಿ ಸಾಲಿ ಮಾಸ್ತರರಾಗಿದ್ದಾಗ ಬೇಸಿಗೆ ರಜೆಯಲ್ಲಿ ನಾನು ಅವರ ತಗಡಿನ ಶೆಡ್ಡಿನಲ್ಲೇ ಬಿದ್ದಿರ್ತಿದ್ದೆ. ಎಲ್ಲರೂ ಅವರನ್ನ ಚಾಚಾ ಅಂತಿದ್ದರು. ಪಾನಾ ಕೊಡು, ಚಾ ತಗೊಂಡು ಬಾ, ಸೀಮೆಎಣ್ಣೆ ಡಬ್ಬಿ ಹಿಡಿ, ಇದೇ ನನ್ನ ಕೆಲಸ. ಚಾಚಾ ಒಂದೇ ಪಾಠ ಹೇಳ್ತಿದ್ದರು: "ಬೇಟಾ, ಎಣ್ಣಿ ಸುಳ್ಳ ಹೇಳ್ತೈತಿ. ಅದು ಹಬ್ಬಿದ ಜಾಗಾ ನೋಡಬ್ಯಾಡ, ಹುಟ್ಟಿದ ಜಾಗಾ ನೋಡು. ಮೊದಲ ತೊಳಿ, ಆಮ್ಯಾಲೆ ನೋಡು, ಕಡೀಗೆ ಬಿಚ್ಚು."

ಇದರಲ್ಲಿ ಪೂರ್ತಿ ಶಾಸ್ತ್ರ ಇದೆ. ಎಣ್ಣೆ ಸೋರಿದ ಮೇಲೆ ಕೆಳಗೆ ಇಳಿಯುತ್ತೆ. ಗಾಡಿ ಓಡ್ತಾ ಇದ್ದರೆ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ. ಮೇಲಿನ ಟ್ಯಾಪೆಟ್ ಮುಚ್ಚಳದಲ್ಲಿ ಹುಟ್ಟಿದ ಹನಿ ಎಂಜಿನ್ ಮೈಮೇಲಿನ ಗೆರೆಗಳಲ್ಲಿ ಹರಿದು ಕೆಳಗಿನ ಡ್ರೈನ್ ಬೋಲ್ಟಿನಿಂದ ತೊಟ್ಟಿಕ್ಕುತ್ತೆ. ನೋಡಿದವರು ಬೋಲ್ಟ್ ಬಿಗಿ ಮಾಡ್ತಾರೆ. ಸೋರೋದು ನಿಲ್ಲಲ್ಲ. ಇನ್ನೂ ಬಿಗಿ ಮಾಡ್ತಾರೆ, ಅಲ್ಯೂಮಿನಿಯಂ ಮೈಯಲ್ಲಿನ ಥ್ರೆಡ್ಡೇ ಹರಿದುಹೋಗುತ್ತೆ. ಅಲ್ಲಿಗೆ ಇಲ್ಲದ ಸೋರಿಕೆ ನಿಜವಾಗಿ ಶುರುವಾಯ್ತು ಅಂತ ಲೆಕ್ಕ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಕಾರಿನಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಗೇರ್ ಬಾಕ್ಸಿಗೆ ಬೇರೆ ಎಣ್ಣೆ. ನಮ್ಮ ನೂರು, ನೂರಿಪ್ಪತ್ತೈದು ಸಿಸಿಯ ನಾಲ್ಕು ಸ್ಟ್ರೋಕ್ ಬೈಕುಗಳಲ್ಲಿ ಹಾಗಲ್ಲ. ಒಂದೇ ಎಣ್ಣೆ ಪಿಸ್ಟನ್ನಿಗೂ ಆಗಬೇಕು, ಕ್ಲಚ್ ಪ್ಲೇಟಿಗೂ ಆಗಬೇಕು, ಗೇರಿನ ಹಲ್ಲಿಗೂ ಆಗಬೇಕು. ಅದೂ ಎಷ್ಟು? ನೂರು ಸಿಸಿ ಗಾಡಿಗೆ ಎಣ್ಣೆ ಬದಲಿಸುವಾಗ ಹಾಕೋದು ಸುಮಾರು ಒಂದು ಲೀಟರು, ಹಲವು ಗಾಡಿಗೆ ಅದಕ್ಕೂ ಕಡಿಮೆ. ಒಂದೇ ಕೊಡದ ನೀರು ಮೂರು ಮನೆಗೆ ಹಂಚಿದ ಹಾಗೆ. ಕೊಡಕ್ಕೆ ತೂತು ಬಿದ್ದರೆ ಮೂರೂ ಮನೆಗೆ ಬರ. ಅದಕ್ಕೇ ಸೋರೋದು ಮತ್ತು ಗೇರ್ ಬಿಗಿಯಾಗೋದು ಎಷ್ಟೋ ಸಲ ಜೋಡಿಯಾಗಿ ಬರ್ತವೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅದರ ಜಾಹೀರಾತು ತುಂಬಾ ಹೆಸರು ಮಾಡಿತ್ತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನೋ ಅರ್ಥದ್ದು. ಅವರು ಹೇಳಿದ್ದು ಮೈಲೇಜ್ ಬಗ್ಗೆ. ಅದಕ್ಕೂ ಮುಂಚೆ ಹೆಚ್ಚಿನವರ ಹತ್ತಿರ ಇದ್ದದ್ದು ಎರಡು ಸ್ಟ್ರೋಕ್ ಗಾಡಿ. ಪೆಟ್ರೋಲ್ ಹಾಕಿಸೋವಾಗೆಲ್ಲ ಅದಕ್ಕೆ ಎಣ್ಣೆ ಬೆರೆಸಬೇಕಿತ್ತು, ಹಾಗಾಗಿ ಎಣ್ಣೆ ದಿನಾ ಕಣ್ಣೆದುರೇ ಇರ್ತಿತ್ತು. ಹೊಸ ಗಾಡಿಯಲ್ಲಿ ಎಣ್ಣೆ ಎಂಜಿನ್ ಹೊಟ್ಟೆಯೊಳಗೆ ಸೇರಿತು, ಕಣ್ಣಿಗೂ ಮರೆಯಾಯ್ತು, ಮನಸ್ಸಿಗೂ ಮರೆಯಾಯ್ತು. ನಮ್ಮ ಮಂದಿ ಪೆಟ್ರೋಲ್ ಜೊತೆಗೆ ಎಂಜಿನ್ ಆಯಿಲ್ಲನ್ನೂ ಮರೆತರು!

ಇರಲಿ, ಈಗ ಗಾಡಿಗಳ ಹತ್ತಿರ ಹೋಗೋಣ.

*

ಮೊದಲನೇದು ಇಂಡಿಯದು. ಸೋದರಮಾವನ ನೂರು ಸಿಸಿ ಗಾಡಿ, ಹದಿನಾಲ್ಕು ವರ್ಷದ್ದು. ಇಂಡಿ ಅಂದ ಮೇಲೆ ಲಿಂಬೆ ಇರಲೇಬೇಕು. ಮಾಮಾನದು ಎರಡು ಎಕರೆ ಲಿಂಬೆ ತೋಟ. ಮೇ ತಿಂಗಳು, ಬಾವಿ ತಳ ಕಂಡಿತ್ತು. ಅಂಥ ಹೊತ್ತಲ್ಲಿ ಟ್ಯಾಂಕರ್ ನೀರು ಕೊಂಡು ಹಾಕದಿದ್ದರೆ ಗಿಡ ಒಣಗ್ತವೆ. ಲಿಂಬೆ ಗಿಡ ಒಂದು ಸಲ ಒಣಗಿತು ಅಂದ್ರೆ ಮತ್ತೆ ಹಚ್ಚಿ ಕಾಯಿ ನೋಡೋಕೆ ವರ್ಷಗಟ್ಟಲೆ ಕಾಯಬೇಕು. ಆ ಹೊತ್ತಿಗೇ ಗಾಡಿ ಕೈ ಕೊಟ್ಟಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಏಳು ಸಾವಿರ ಹೇಳಿದ್ದರಂತೆ. "ಅಳಿಯಾ, ನೀರ್ ಹಾಕಲ್ಯೋ, ಗಾಡಿ ಮಾಡಿಸಲ್ಯೋ? ಗಾಡಿ ಇಲ್ಲಾಂದ್ರ ಕಾಯಿ ಪ್ಯಾಟಿಗೆ ಹ್ಯಾಂಗ ಒಯ್ಯೂದು?" ಅಂದರು. ನಗ್ತಾನೇ ಅಂದರು, ಆದರೆ ಅತ್ತೆ ನಗಲಿಲ್ಲ.

ಎಂಜಿನ್ನಿನ ಎಡಗಡೆ ಪೂರ್ತಿ ಎಣ್ಣೆ, ಅದರ ಮೇಲೆ ಎರಿ ಮಣ್ಣಿನ ಧೂಳು ಕೂತು ರೊಟ್ಟಿ ಹಾಗೆ ಪದರ ಕಟ್ಟಿತ್ತು. ಇದನ್ನ ನೋಡಿ ಯಾರೂ ಏನೂ ಹೇಳೋಕಾಗಲ್ಲ. ಹಳೆ ಹಲ್ಲುಜ್ಜೋ ಬ್ರಶ್ಶು, ಡಬ್ಬಿಯಲ್ಲಿ ಅರ್ಧ ಲೀಟರ್ ಡೀಸೆಲ್ಲು ತಗೊಂಡು ನೆರಳಲ್ಲಿ ಕೂತು ತೊಳೆದೆ. (ಎಂಜಿನ್ ತಣ್ಣಗಿರಬೇಕು, ಹಿಂದಿನ ಬ್ರೇಕ್ ಡ್ರಮ್ಮಿಗೆ ಎಣ್ಣೆ ತಾಗಬಾರದು, ಹತ್ತಿರ ಯಾರೂ ಬೀಡಿ ಹಚ್ಚಬಾರದು.) ಬಟ್ಟೆಯಿಂದ ಒರೆಸಿ, ಸೋಪಿನ ನೀರು ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿದೆ.

ಆಮೇಲೆ ಎಣ್ಣೆ ಅಳತೆ. ಸಪಾಟ ಜಾಗದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ, ಎಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ, ಬಂದ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ಕಡ್ಡಿ ಒರೆಸಿ ನೋಡಬೇಕು. ಕಡ್ಡಿಯನ್ನ ತಿರುಗಿಸಿ ಬಿಗಿ ಮಾಡಿ ನೋಡಬೇಕೋ, ಸುಮ್ಮನೆ ಇಟ್ಟು ನೋಡಬೇಕೋ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇರುತ್ತೆ. ಮಾಮಾನ ಗಾಡಿ ಕಡ್ಡಿಗೆ ಎಣ್ಣೆ ತಾಗಲೇ ಇಲ್ಲ.

ಎಣ್ಣೆ ಹಾಕಿ, ಎಂಜಿನ್ ಎಡಗಡೆಗೆಲ್ಲ ಅತ್ತೆಯ ಮುಖದ ಪೌಡರ್ ಉದುರಿಸಿದೆ. ಮನೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೆ ಇದು ಬಹಳ ಒಳ್ಳೆಯ ಉಪಾಯ. ಒಣ ಬಿಳಿ ಪುಡಿ ಮೇಲೆ ಎಣ್ಣೆ ಹುಟ್ಟಿದ ಕಡೆಯಿಂದ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತೆ. ಆರೇಳು ಕಿಲೋಮೀಟರ್ ಹೋಗಿ ಬಂದು ನೋಡಿದೆ. ಮೇಲಿನ ಮುಚ್ಚಳ ಒಣ. ಪ್ಯಾಕಿಂಗ್ ಜಾಗ ಒಣ. ಗೇರ್ ಶಾಫ್ಟ್ ಹತ್ತಿರ ಒಣ. ಎಡಗಡೆ ಮುಂದಿನ ಚೈನ್ ಚಕ್ರದ ಮುಚ್ಚಳದ ಕೆಳಗಿಂದ ಮಾತ್ರ ಒಂದು ಗೆರೆ.

ಮುಚ್ಚಳ ತೆಗೆದು, ಚಕ್ರ ಬಿಚ್ಚಿ ನೋಡಿದರೆ ಅದರ ಹಿಂದೆ ಶಾಫ್ಟಿಗೆ ಸುತ್ತಿಕೊಂಡಿದ್ದು ಏನು ಗೊತ್ತಾ? ಸುತಳಿ! ಲಿಂಬೆ ಚೀಲ ಹೊಲಿಯೋ ಸುತಳಿ. ಹಿಂದೆ ಚೀಲ ಕಟ್ಟಿಕೊಂಡು ಹೋಗೋವಾಗ ಜೋತುಬಿದ್ದ ಎಳೆ ಚೈನಿಗೆ ಸಿಕ್ಕಿ, ಮುಂದೆ ಹೋಗಿ ಶಾಫ್ಟಿಗೆ ಸುತ್ತಿ ಆಯಿಲ್ ಸೀಲಿನ ರಬ್ಬರ್ ತುಟಿಯನ್ನ ಕೊಯ್ದಿತ್ತು.

ಇದರ ಜೊತೆಗೆ ಚೈನು ವೀಣೆ ತಂತಿ ಹಾಗೆ ಬಿಗಿ ಇತ್ತು. ಚೈನಿಗೆ ಮಧ್ಯದಲ್ಲಿ ಒಂದು ಇಂಚಿನಷ್ಟು ಮೇಲೆ ಕೆಳಗೆ ಆಡೋ ಸಡಿಲು ಬೇಕು, ಸರಿಯಾದ ಅಳತೆ ಚೈನ್ ಕವರ್ ಹತ್ತಿರವೋ ಪುಸ್ತಕದಲ್ಲೋ ಇರುತ್ತೆ. ಖಾಲಿ ಗಾಡಿ ನಿಲ್ಲಿಸಿ ಚೈನ್ ಬಿಗಿ ಮಾಡಿದರೆ, ಹಿಂದೆ ಎರಡು ಚೀಲ ಕೂತ ಮೇಲೆ ಹಿಂದಿನ ಗಾಲಿ ಮೇಲೆ ಸರಿದು ಚೈನು ಇನ್ನೂ ಬಿಗಿಯಾಗುತ್ತೆ. ಆಗ ಅದು ಗೇರ್ ಶಾಫ್ಟನ್ನ ಹಿಂದಕ್ಕೆ ಜಗ್ಗುತ್ತೆ. ಬೇರಿಂಗಿಗೆ ಪೆಟ್ಟು, ಸೀಲಿಗೆ ಪೆಟ್ಟು, ಗೇರ್ ಬೀಳೋದೂ ಒರಟು. ಒಂದೇ ತಪ್ಪಿಗೆ ಎರಡು ಕಾಯಿಲೆ.

ಆ ಗಾಡಿಯಲ್ಲಿ ಈ ಸೀಲನ್ನ ಎಂಜಿನ್ ಬಿಚ್ಚದೆ ಹೊರಗಿನಿಂದಲೇ ಹಾಕಬಹುದು (ಎಲ್ಲಾ ಗಾಡಿಯಲ್ಲಿ ಹಾಗಿರಲ್ಲ, ಕೇಳಿಕೊಳ್ಳಿ). ಸೀಲು, ಒಂದು ಡಬ್ಬಿ ಎಣ್ಣೆ, ಎಲ್ಲಾ ಸೇರಿ ಐನೂರರ ಒಳಗೆ ಮುಗೀತು. ಹೊಸ ಎಣ್ಣೆ ಬಿದ್ದು ಚೈನ್ ಸಡಿಲಾದ ಮೇಲೆ ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಮಾಮಾ ಏನೂ ಅನ್ನಲಿಲ್ಲ. ಫೋನ್ ತೆಗೆದು ಟ್ಯಾಂಕರಿನವನಿಗೆ ಹಚ್ಚಿ "ನಾಳಿಗಿ ಎರಡ್ ಟ್ಯಾಂಕರ್ ಬರ್ಲಿ" ಅಂದರು.

*

ಎರಡನೇದು ಸಿಂದಗಿಯ ಒಬ್ಬ ಮಾಸ್ತರರದು. ಅಪ್ಪನ ಶಿಷ್ಯರು, ಈಗ ಅವರೇ ಮಾಸ್ತರು. ಅವರ ಗಾಡಿಯಲ್ಲಿ ಒಂದು ಹನಿ ಎಣ್ಣೆಯೂ ಸೋರಲ್ಲ, ಆದರೆ ಗೇರ್ ಕಲ್ಲು. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ನಿಲ್ಲಿಸಿದರೆ ನ್ಯೂಟ್ರಲ್ ಸಿಗಲ್ಲ. "ಸರ, ಸಾಲಿ ಹುಡುಗ್ರ ಮುಂದ ಗಾಡಿ ನಾಲ್ಕ್ ಸಲ ಬಂದ್ ಬಿತ್ತಂದ್ರ ಮರ್ಯಾದಿ ಎಲ್ಲಿ ಉಳೀತೈತ್ರಿ?" ಅಂತ ಅವರ ದುಃಖ. ಅವರಿಗೂ "ಗೇರ್ ಬಾಕ್ಸ್ ಹೋಗೈತಿ" ಅಂತ ಒಬ್ಬರು ಹೇಳಿ ಹೆದರಿಸಿದ್ದರು.

ಗೇರ್ ಬಿಗಿ ಅಂದ ಕೂಡಲೇ ಗೇರ್ ಬಾಕ್ಸ್ ನೋಡಬಾರದು. ಮೊದಲು ಎಂಜಿನ್ ಬಂದ್ ಮಾಡಿ, ಗಾಡಿಯನ್ನ ಸ್ವಲ್ಪ ಹಿಂದೆ ಮುಂದೆ ನೂಕ್ತಾ ಗೇರ್ ಹಾಕಿ ನೋಡಬೇಕು. ಹಾಗೆ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬಿಗಿಯಾದರೆ ತಪ್ಪು ಕ್ಲಚ್ಚಿನದು. ಕ್ಲಚ್ ಹಿಡಿದರೂ ಅದು ಪೂರ್ತಿ ಬಿಡ್ತಾ ಇಲ್ಲ ಅಂತ ಅರ್ಥ. ಎಂಜಿನ್ ಬಂದ್ ಇದ್ದಾಗಲೂ ಬಿಗಿ ಅಂದ್ರೆ ಮಾತ್ರ ಗೇರ್ ಕಡ್ಡಿ, ಶಾಫ್ಟು, ಒಳಗಿನ ಫೋರ್ಕು ಇವುಗಳ ಮೇಲೆ ಅನುಮಾನ. ಅದರಲ್ಲೂ ಮೊದಲು ಹೊರಗಿನ ಗೇರ್ ಕಡ್ಡಿ ನೋಡಬೇಕು. ಗಾಡಿ ಒಮ್ಮೆ ಎಡಕ್ಕೆ ಬಿದ್ದಿದ್ದರೂ ಸಾಕು, ಕಡ್ಡಿ ಸೊಟ್ಟಗಾಗಿ ಎಂಜಿನ್ ಮೈಗೆ ತಾಗ್ತಾ ಇರುತ್ತೆ.

ಮಾಸ್ತರರ ಗಾಡಿ ಓಡ್ತಾ ಇದ್ದಾಗ, ನಿಲ್ಲೋಕೆ ಸ್ವಲ್ಪ ಮುಂಚೆ ನ್ಯೂಟ್ರಲ್ ಸಲೀಸಾಗಿ ಬೀಳ್ತಿತ್ತು. ನಿಂತ ಮೇಲೆ ಬೀಳ್ತಿರಲಿಲ್ಲ. ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿದರೆ ಗಾಡಿ 'ಟಕ್' ಅಂತ ಮುಂದೆ ಜಿಗೀತಿತ್ತು. ಕ್ಲಚ್ ಲೀವರಿನ ತುದಿಯಲ್ಲಿ ಖಾಲಿ ಆಟ ಒಂದರಿಂದ ಎರಡು ಸೆಂಟಿಮೀಟರ್ ಇದ್ದರೆ ಸಾಕು, ಇವರದು ಅರ್ಧ ದಾರಿ ಖಾಲಿಯಾಗೇ ಹೋಗ್ತಿತ್ತು. ಹೆಡ್ ಲೈಟ್ ಹಿಂದೆ ಕೇಬಲ್ ಬಾಗೋ ಜಾಗದಲ್ಲಿ ಮೇಲಿನ ಕವಚ ಒಡೆದು, ಒಳಗಿನ ತಂತಿಯ ಎಳೆಗಳು ಒಂದೊಂದಾಗಿ ಹರಿದಿದ್ದವು. ಕೇಬಲ್ ಬದಲಿಸಿದ್ದಾಯ್ತು, ನೂರೈವತ್ತು ರೂಪಾಯಿ. ಗೇರ್ ಬಾಕ್ಸ್ ತನ್ನ ಪಾಡಿಗೆ ತಾನು ಗಟ್ಟಿಯಾಗೇ ಇತ್ತು.

ಇಲ್ಲಿ ಬಹಳ ಮಂದಿ ಗೊಂದಲ ಮಾಡ್ಕೊಳ್ಳೋ ಒಂದು ವಿಷಯ ಇದೆ. ಕ್ಲಚ್ಚಿಗೆ ಎರಡು ತದ್ವಿರುದ್ಧ ಕಾಯಿಲೆ. ಒಂದು, ಪೂರ್ತಿ ಬಿಡದೇ ಇರೋದು. ಆಗ ಗೇರ್ ಬಿಗಿ, ನ್ಯೂಟ್ರಲ್ ಸಿಗಲ್ಲ. ಇನ್ನೊಂದು, ಪೂರ್ತಿ ಹಿಡಿಯದೇ ಇರೋದು. ಆಗ ಎಂಜಿನ್ ಗುಂಯ್ ಅಂತ ಕೂಗುತ್ತೆ, ಗಾಡಿ ಮಾತ್ರ ಓಡಲ್ಲ, ಏರಿನಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಮೊದಲನೇದಕ್ಕೆ ಕೇಬಲ್ ಆಟ ಕಡಿಮೆ ಮಾಡಬೇಕು, ಎರಡನೇದಕ್ಕೆ ಹೆಚ್ಚು ಮಾಡಬೇಕು. ಯಾವ ಕಾಯಿಲೆ ಅಂತ ತಿಳಿಯದೆ ತಿರುಪು ತಿರುಗಿಸಿದರೆ ಒಂದು ವಾಸಿಯಾಗೋ ಬದಲು ಇನ್ನೊಂದು ಹತ್ತಿಕೊಳ್ಳುತ್ತೆ. ಎಣ್ಣೆಯ ವಿಷಯವೂ ಅಷ್ಟೇ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ ಅಂತ ಬೈಕಿಗೆ ಸುರಿಯಬಾರದು. ಎಷ್ಟೋ ಕಾರ್ ಎಣ್ಣೆಗಳಲ್ಲಿ ಜಾರಿಕೆ ಹೆಚ್ಚಿಸೋ ವಸ್ತು ಬೆರೆಸಿರ್ತಾರೆ, ಎಣ್ಣೆಯಲ್ಲೇ ಮುಳುಗಿರೋ ಬೈಕಿನ ಕ್ಲಚ್ ಅದರಿಂದ ಜಾರುತ್ತೆ. ಡಬ್ಬಿ ಮೇಲೆ 'ಜಾಸೋ ಎಂಎ' ಅಂತ ಬರೆದದ್ದು ಬೈಕಿಗೆ ಆಗುತ್ತೆ. ಅಳತೆಗಿಂತ ಹೆಚ್ಚು ಹಾಕಿದರೆ ಗಾಡಿ ಗಟ್ಟಿಮುಟ್ಟಾಗುತ್ತೆ ಅನ್ನೋದೂ ಸುಳ್ಳು. ಹೆಚ್ಚಾದದ್ದು ಉಸಿರಾಟದ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಬಂದು ಸೋರುತ್ತೆ, ಆಗ ಅದನ್ನೂ 'ಲೀಕೇಜ್' ಅಂತ ಬರೀತಾರೆ.

*

ಮೂರನೇದು ಬಸವನ ಬಾಗೇವಾಡಿ. ಬಸವಣ್ಣನವರ ಊರು. ಅಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಇನ್ನೂ ಒಂದು ಯೆಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1960ರ ದಶಕದ ಶುರುವಿನಲ್ಲಿ ಜಾವಾ ತಯಾರಿಸೋಕೆ ತೊಡಗಿ, ಆಮೇಲೆ ಯೆಜ್ಡಿ ಹೆಸರಲ್ಲಿ ಮುಂದುವರಿದು, 1996ರಲ್ಲಿ ಮುಚ್ಚಿಹೋದ ಕಾರ್ಖಾನೆ ಅದು. ಯೆಜ್ಡಿ ಓಡಿಸಿದವರಿಗೆ ಗೊತ್ತು, ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಕಡ್ಡಿ. ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಕಡ್ಡಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಗಾಡಿಗಳ ಮೇಲೆ ಮತ್ತೆ ಬಂದವು. ಆದರೆ ಅವು ನಾಲ್ಕು ಸ್ಟ್ರೋಕು. ದೊಡ್ಡಪ್ಪ ಅವನ್ನ ನೋಡಿ "ಸದ್ದ ಬ್ಯಾರೆ ಐತಿ" ಅಂತ ಮುಖ ತಿರುಗಿಸಿದರು :)

ಹಳೇ ಯೆಜ್ಡಿಯಲ್ಲಿ ಎಣ್ಣೆ ಲೆಕ್ಕ ಬೇರೆ. ಎಂಜಿನ್ನಿಗೆ ಬೇಕಾದದ್ದು ಪೆಟ್ರೋಲಿನಲ್ಲಿ ಬೆರೆತು ಹೋಗಿ ಸುಡುತ್ತೆ. ಗೇರಿಗೂ ಕ್ಲಚ್ಚಿಗೂ ಬೇರೆ ಎಣ್ಣೆ. ಅಂದ್ರೆ ಗಾಡಿ ಕೆಳಗೆ ಕಲೆ ಬಿದ್ದಿದ್ದರೆ ಅದು ಹೆಚ್ಚಾಗಿ ಗೇರ್ ಆಯಿಲ್. ಆದರೆ ದೊಡ್ಡಪ್ಪನ ಗಾಡಿಯದು ವಿಚಿತ್ರ. ಗೇರ್ ಆಯಿಲ್ ಎಷ್ಟು ಹಾಕಿದರೂ ಕಡಿಮೆ ಆಗ್ತಿತ್ತು. ಗೇರ್ ದಿನದಿಂದ ದಿನಕ್ಕೆ ಬಿಗಿ. ರಾತ್ರಿ ಕೆಳಗೆ ರಟ್ಟು ಇಟ್ಟು ನೋಡಿದರೆ ಬೆಳಿಗ್ಗೆ ರಟ್ಟು ಒಣ! ಹಾಗಾದ್ರೆ ಎಣ್ಣೆ ಹೋಗ್ತಿದ್ದದ್ದು ಎಲ್ಲಿಗೆ?

ಉತ್ತರ ಸೈಲೆನ್ಸರಿನಲ್ಲಿ ಇತ್ತು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಪ್ಲಗ್ಗು ಕಪ್ಪಗೆ ಒದ್ದೆ. ಎರಡು ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಜಗ್ಗೋ ಸೆಳೆತ ಹುಟ್ಟುತ್ತೆ. ಕ್ರ್ಯಾಂಕಿನ ಎಡಗಡೆ ಸೀಲು ಹೋಗಿದ್ದರೆ ಆ ಸೆಳೆತ ಪಕ್ಕದ ಕೋಣೆಯ ಗೇರ್ ಆಯಿಲನ್ನೇ ಒಳಗೆಳೆದು ಪೆಟ್ರೋಲ್ ಜೊತೆ ಸುಟ್ಟುಬಿಡುತ್ತೆ. ಹೊರಗೆ ಒಂದು ಹನಿಯೂ ಕಾಣಲ್ಲ. ಇದು ಗಾಡಿಯ ಐಬಲ್ಲ, ರಬ್ಬರಿನ ವಯಸ್ಸು. ಮೂವತ್ತು ವರ್ಷಕ್ಕೂ ಹಳೆಯ ಸೀಲು, ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ನಮ್ಮ ಊರಿನ ಬಿಸಿಲು, ಅದೂ ಎಷ್ಟು ಅಂತ ತಾಳೀತು?

ಹಾಗಾಗಿ ರಟ್ಟು ಒಣ ಇದೆ ಅಂದ್ರೆ ಸೋರಿಕೆ ಇಲ್ಲ ಅಂತಲ್ಲ. ಎಣ್ಣೆ ಕಡಿಮೆ ಆಗ್ತಿದ್ದು ನೆಲ ಒಣ ಇದ್ದರೆ ಹೊಗೆ ನೋಡಬೇಕು. ನಾಲ್ಕು ಸ್ಟ್ರೋಕ್ ಗಾಡಿಯಲ್ಲೂ ಹೊಗೆ ಮಾತಾಡುತ್ತೆ. ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಗಾಡಿ ಜೋರು ಮಾಡಿದಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು, ಬೋರು.

*

ಇಷ್ಟು ಓದಿದ ಮೇಲೆ ಎಂಜಿನ್ ಬಿಚ್ಚಬೇಕು ಅನ್ನೋರೆಲ್ಲ ಮೋಸಗಾರರು ಅಂತ ನಿಮಗೆ ಅನಿಸಬಹುದು. ಹಾಗೆ ಅನಿಸಬಾರದು ಅಂತಲೇ ನಾಲ್ಕನೇ ಗಾಡಿಯ ಕಥೆ.

ಮುದ್ದೇಬಿಹಾಳ ಹತ್ತಿರದ ಹಳ್ಳಿ, ಅಕ್ಕನ ಮಗ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಊರಿನ ಹಾಲು ಕೂಡಿಸಿ ಎರಡು ಕ್ಯಾನಿನಲ್ಲಿ ತಾಳಿಕೋಟಿಗೆ ಒಯ್ತಾನೆ. ಇಂಡಿಯ ಕಥೆ ಅವನ ಕಿವಿಗೂ ಬಿದ್ದಿತ್ತು. "ಮಾಮಾ, ನಂದೂ ಐನೂರ್ದಾಗ ಮುಗಸ್ರಿ" ಅಂತ ಕಾಯ್ತಾ ಕೂತಿದ್ದ.

ಮೊದಲು ಹೆದರಿಕೆಯಾದದ್ದು ಅವನ ಹಿಂದಿನ ಟೈರ್ ನೋಡಿ. ಎಡಗಡೆ ಅಂಚಿಗೆಲ್ಲ ಎಣ್ಣೆ. ಎಣ್ಣೆ ಸೋರಿದರೆ ನಷ್ಟ ಬರೀ ದುಡ್ಡಿನದಲ್ಲ. ಟೈರಿಗೆ ತಾಗಿದರೆ ತಿರುವಿನಲ್ಲಿ ಗಾಡಿ ಕಾಲಡಿಯಿಂದ ಜಾರಿ ಹೋಗುತ್ತೆ, ಅದೂ ಹಾಲಿನ ಕ್ಯಾನು ಕಟ್ಟಿಕೊಂಡ ಗಾಡಿ. ತೊಳೆದು, ಪೌಡರ್ ಹಾಕಿ ನೋಡಿದೆ. ಅದು ಎಂಜಿನ್ ಎಣ್ಣೆ ಅಲ್ಲವೇ ಅಲ್ಲ. ಚೈನಿಗೆ ಅವನು ಲೆಕ್ಕ ಇಲ್ಲದೆ ಸುರಿದ ಹಳೇ ಎಣ್ಣೆ ಸಿಡಿದು ಅಲ್ಲಿ ಕೂತಿತ್ತು. ಒರೆಸಿದ್ದಾಯ್ತು. ಅವನ ಮುಖ ಅರಳಿತು.

ಆದರೆ ಕಡ್ಡಿ ಬೇರೆ ಮಾತು ಹೇಳಿತು. ಹದಿನೈದು ದಿನದ ಹಿಂದೆ ಹಾಕಿದ ಎಣ್ಣೆ ಅರ್ಧಕ್ಕೆ ಇಳಿದಿತ್ತು. ಹೊರಗೆ ಎಲ್ಲೂ ಹನಿ ಇಲ್ಲ. ಅವನನ್ನ ಗಾಡಿ ಮೇಲೆ ಕಳಿಸಿ ಹಿಂದೆ ನಿಂತು ನೋಡಿದೆ, ಜೋರು ಮಾಡಿದಾಗೆಲ್ಲ ನೀಲಿ ಹೊಗೆ. ಎರಡನೇ ಗೇರ್ ಹಾಕಿ ಏರು ಹತ್ತಿಸಿದರೆ 'ಖಟ್' ಅಂತ ಗೇರ್ ತಾನೇ ಹಾರಿ ಬರ್ತಿತ್ತು. ಎಂಜಿನ್ ಬಂದ್ ಇದ್ದಾಗಲೂ ಎರಡನೇ ಗೇರ್ ಬಿಗಿ. ಕೊನೆಗೆ ಎಣ್ಣೆ ಇಳಿಸಿ, ಬಿಳಿ ಬಟ್ಟೆ ಮೇಲೆ ಸೋಸಿ ಬಿಸಿಲಿಗೆ ಹಿಡಿದೆ. ಬಟ್ಟೆ ಮೇಲೆ ಲೋಹದ ಚೂರು ಮಿಂಚಿದವು. ಒಂದು ಚೂರು ಉಗುರಿನ ತುದಿಯಷ್ಟು ದೊಡ್ಡದು. ಮುಟ್ಟಿದರೆ ಗೊತ್ತಾಗುತ್ತೆ, ಗೇರಿನ ಹಲ್ಲಿನ ಮೂಲೆ. ಕ್ಲಚ್ ಪ್ಲೇಟಿನ ಕಪ್ಪು ಕೆಸರು, ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ ಇದ್ದರೆ ಹೆದರಬೇಕಿಲ್ಲ, ಅದು ಸವಕಳಿ. ಕೈಗೆ ಸಿಗೋ ಚೂರು ಬಂದರೆ ಅದು ಮುರಿತ.

"ಬಿಚ್ಚಬೇಕಪ್ಪಾ" ಅಂದೆ.

"ಇನ್ನೊಂದ್ ಸಲ ನೋಡ್ರಿ ಮಾಮಾ" ಅಂದ. ಇನ್ನೊಂದು ಸಲ ನೋಡಿದೆ. ಅವನ ಸಮಾಧಾನಕ್ಕೆ ನೋಡಿದೆ, ನನ್ನ ಸಮಾಧಾನಕ್ಕೂ ನೋಡಿದೆ. ಬಟ್ಟೆ ಮೇಲಿನ ಚೂರು ಎಲ್ಲಿಗೂ ಹೋಗಿರಲಿಲ್ಲ.

ಗಾಡಿ ಹನ್ನೊಂದು ದಿನ ಗ್ಯಾರೇಜಿನಲ್ಲಿ ನಿಂತಿತು. ರಿಂಗು, ವಾಲ್ವ್ ಸೀಲು, ಎರಡನೇ ಗೇರಿನ ಜೋಡಿ, ಒಂದು ಫೋರ್ಕು. ಒಂಬತ್ತು ಸಾವಿರ ಆಯ್ತು. ಅಷ್ಟು ದಿನ ಪಕ್ಕದ ಮನೆಯವರ ಟಿವಿಎಸ್ ಎಕ್ಸೆಲ್ ಮೇಲೆ ಎರಡು ಖೇಪು ಹಾಲು ಹಾಕಿದ. ಆದರೆ ಅವನಿಗೆ ಒಂದು ಸಮಾಧಾನ ಇತ್ತು. ಏನು ಹೋಗಿದೆ ಅಂತ ಗೊತ್ತಿತ್ತು, ಬಟ್ಟೆಯಲ್ಲಿ ಕಟ್ಟಿ ಒಯ್ದಿದ್ದ ಚೂರನ್ನ ಮಿಸ್ತ್ರಿಗೆ ತೋರಿಸಿದ, ಬದಲಿಸಿದ ಹಳೇ ಸಾಮಾನು ಕೈಗೆ ಕೇಳಿ ತಗೊಂಡ. "ಹಾಲಿಗೆ ಡಿಗ್ರಿ ನೋಡಿ ರೊಕ್ಕಾ ಕೊಡ್ತಾರ ಮಾಮಾ. ನಾನೂ ನೋಡೇ ರೊಕ್ಕಾ ಕೊಟ್ಟೆ" ಅಂದ. ಈ ಮಾತು ನನಗೆ ತುಂಬಾ ಹಿಡಿಸಿತು.

*

ಇದರಿಂದ ನಾನು ಹೇಳೋದು ಇಷ್ಟೇ. ಮನೆಯಲ್ಲೇ ಎಲ್ಲಾ ರಿಪೇರಿ ಮಾಡ್ಕೊಳ್ಳಿ ಅಂತಲ್ಲ. ನೋಡೋದು ಬೇರೆ, ಬಿಚ್ಚೋದು ಬೇರೆ. ಬಿಚ್ಚೋಕೆ ಮಿಸ್ತ್ರಿ ಬೇಕು, ನೋಡೋಕೆ ನಾವು ಸಾಕು. ಗ್ಯಾರೇಜಿಗೆ ಹೋಗಿ "ಎಣ್ಣೆ ಸೋರುತ್ತೆ, ಗೇರ್ ಬೀಳಲ್ಲ, ಎಷ್ಟಾಗುತ್ತೆ?" ಅಂತ ಕೇಳಿದರೆ ಯಾರಾದರೂ ದೊಡ್ಡ ಅಂಕಿಯನ್ನೇ ಹೇಳ್ತಾರೆ, ಅವರಿಗೂ ಒಳಗೇನಿದೆ ಅಂತ ಗೊತ್ತಿರಲ್ಲ. ಅದರ ಬದಲು "ತೊಳೆದು ನೋಡಿದ್ದೀನಿ, ಎಡಗಡೆ ಚೈನ್ ಚಕ್ರದ ಹಿಂದಿನಿಂದ ಬರ್ತಿದೆ. ಎಂಜಿನ್ ಬಂದ್ ಇದ್ದಾಗ ಗೇರ್ ಸಲೀಸು, ಚಾಲೂ ಇದ್ದಾಗ ಬಿಗಿ. ಹೊಗೆ ಇಲ್ಲ. ಇಳಿಸಿದ ಎಣ್ಣೆಯಲ್ಲಿ ಚೂರಿಲ್ಲ" ಅಂತ ಹೇಳಿ ನೋಡಿ. ಆ ಕಡೆಯಿಂದ ಬರೋ ಉತ್ತರವೇ ಬೇರೆ ಇರುತ್ತೆ. ನಾಲ್ಕು ವಾಕ್ಯ, ಆದರೆ ಹಳ್ಳಿ ಮನುಷ್ಯನಿಗೆ ಅದು ಒಂದು ತಿಂಗಳ ದುಡಿಮೆ.

ಇನ್ನೊಂದು ಮಾತು ಮರೆಯೋ ಮುಂಚೆ. ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ಹಿಂದಿನ ಗಾಲಿ ತಿರುಗ್ತಾ ಇರೋವಾಗ ಚೈನಿಗೆ ಬಟ್ಟೆ ಹಿಡಿದು ಒರೆಸೋ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ದಯವಿಟ್ಟು ಬೇಡ. ಚೈನು ಬಟ್ಟೆ ಜೊತೆ ಬೆರಳನ್ನೂ ಎಳ್ಕೊಳ್ಳುತ್ತೆ. ಚಾಚಾನ ಎಡಗೈಯಲ್ಲಿ ನಾಲ್ಕೇ ಬೆರಳಿದ್ದವು. ಹೊಸ ಹುಡುಗ ಕೆಲಸಕ್ಕೆ ಸೇರಿದ ಮೊದಲ ದಿನ ಆ ಕೈ ತೋರಿಸಿಯೇ ಪಾಠ ಶುರು ಮಾಡ್ತಿದ್ದರು.

ಚಾಚಾ ಈಗಿಲ್ಲ. ತಗಡಿನ ಶೆಡ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆದರೆ ಅಂಥ ಮಿಸ್ತ್ರಿಗಳು ಇನ್ನೂ ಇದ್ದಾರೆ, ಪ್ರತಿ ತಾಲೂಕಿನಲ್ಲೂ ಒಬ್ಬಿಬ್ಬರು ಇದ್ದೇ ಇರ್ತಾರೆ. ಗುರುತು ಹಿಡಿಯೋದು ಸುಲಭ. ಗಾಡಿ ತಂದ ಕೂಡಲೇ ಪಾನಾ ಎತ್ತಿಕೊಳ್ಳಲ್ಲ. ಮೊದಲು ಕೈ ಒರೆಸಿಕೊಳ್ತಾರೆ, ಗಾಡಿ ಸುತ್ತ ಒಂದು ಸುತ್ತು ಬರ್ತಾರೆ, ಬಗ್ಗಿ ನೋಡ್ತಾರೆ, "ಯಾವಾಗಿಂದ? ನಿಂತಾಗೋ ಓಡೋವಾಗೋ? ಎಣ್ಣಿ ಯಾವಾಗ ಹಾಕ್ಸೀರಿ?" ಅಂತ ಕೇಳ್ತಾರೆ. ಆಮೇಲೆ ಕೀಲಿ ಕೊಡ್ರಿ ಅಂತ ಇಸ್ಕೊಂಡು ತಾವೇ ಒಂದು ರೌಂಡ್ ಹೊಡೆದು ಬರ್ತಾರೆ. ನಿಮ್ಮ ಊರಲ್ಲಿ ಅಂಥವರು ಒಬ್ಬರು ಸಿಕ್ಕರೆ ಬಿಡಬೇಡಿ. ನೂರು ರೂಪಾಯಿ ಕೇಳಿದರೆ ನೂರಿಪ್ಪತ್ತು ಕೊಡಿ, ಜೊತೆಗೆ ಒಂದು ಚಾ ಕುಡಿಸಿ.